ಮನೆಯಲ್ಲಿ ಯಾರಿದ್ದಾರೆ?

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ಮಸ್ ಹಬ್ಬದ ಸಡಗರ ಇನ್ನೂ ಇಳಿದಿಲ್ಲ. ಗೋದಲಿಯ ದೀಪಗಳು ಉರಿಯುತ್ತಲೇ ಇವೆ. ಮನೆಗಳಲ್ಲಿ ಕೇಕಿನ ಡಬ್ಬಿಗಳೂ ಖಾಲಿಯಾಗಿಲ್ಲ. ಇಂಥ ಹೊತ್ತಿನಲ್ಲಿ ಮಾತೆ ಧರ್ಮಸಭೆ ನಮ್ಮ ಕಣ್ಣನ್ನು ಗೋದಲಿಯ ಕೂಸಿನಿಂದ ಸ್ವಲ್ಪ ಮೇಲಕ್ಕೆತ್ತಿ, ಆ ಕೂಸಿನ ಎಡಬಲಕ್ಕೆ ನಿಂತ ಇಬ್ಬರನ್ನು ನೋಡಿರಿ ಎನ್ನುತ್ತದೆ. ಈ ಹಬ್ಬ ಬಹಳ ಹಳೆಯದೇನಲ್ಲ. 1893ರಲ್ಲಿ ಪೋಪ್ ಹದಿಮೂರನೆಯ ಲಿಯೋ ಇದಕ್ಕೆ ಅನುಮತಿ ಕೊಟ್ಟರು. 1921ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟ್ ಇದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಯುರೋಪಿನ ಊರುಗಳಲ್ಲಿ ಕಾರ್ಖಾನೆಗಳು ಎದ್ದು, ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಚೆದುರಿ ಹೋಗುತ್ತಿದ್ದ ಕಾಲ ಅದು. ನಮ್ಮ ಕಾಲಕ್ಕೂ ಆ ಕಾಲಕ್ಕೂ ಹೆಚ್ಚು ಅಂತರವಿಲ್ಲವೆಂದು ಕಾಣುತ್ತದೆ.

ಇಂದಿನ ಶುಭಸಂದೇಶವನ್ನು ಕೇಳಿದಿರಿ. ಹನ್ನೆರಡು ವರ್ಷದ ಬಾಲಕ ಕಳೆದುಹೋಗಿದ್ದಾನೆ. ತಂದೆತಾಯಿ ಒಂದು ದಿನದ ದಾರಿ ನಡೆದ ಮೇಲೆ ಗೊತ್ತಾಗುತ್ತದೆ, ಮಗ ಜೊತೆಯಲ್ಲಿಲ್ಲ ಎಂದು. ಇಷ್ಟು ಹೊತ್ತು ಯಾಕೆ ಗೊತ್ತಾಗಲಿಲ್ಲ? ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ: ಮಗ ನೆಂಟರಿಷ್ಟರ ಗುಂಪಿನಲ್ಲಿ ಎಲ್ಲೋ ಇರಬೇಕು ಎಂದು ಅವರು ಭಾವಿಸಿಕೊಂಡಿದ್ದರು. ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಹೀಗಾಯಿತು ಎಂದರೆ ನಮ್ಮಂಥವರಿಗೆ ಸ್ವಲ್ಪ ಸಮಾಧಾನವೇ. ನಾವೂ ಭಾವಿಸಿಕೊಳ್ಳುತ್ತೇವಲ್ಲ! ಟ್ಯೂಷನ್ನಿನಲ್ಲಿ ಇರಬೇಕು, ಅಜ್ಜಿಯ ಹತ್ತಿರ ಇರಬೇಕು, ರೂಮಿನಲ್ಲಿ ಮೊಬೈಲ್ ನೋಡುತ್ತಾ ಇರಬೇಕು. ಆದರೆ ಅವರು ಗೊತ್ತಾದ ಗಳಿಗೆಯಲ್ಲೇ ಹಿಂದಕ್ಕೆ ತಿರುಗಿದರು. ಗುಂಪು ಮುಂದೆ ಹೋಗುತ್ತಿದೆ, ಊರಿನಲ್ಲಿ ಕೆಲಸ ಕಾದಿದೆ, ಬಡಗಿಯ ಮನೆ, ದಿನಗೂಲಿ ತಪ್ಪಿದರೆ ನಷ್ಟ. ಆದರೂ ತಿರುಗಿದರು. ಮೂರನೆಯ ದಿನ ಮಗ ಸಿಕ್ಕಿದ. ಎಷ್ಟು ಕಳವಳದಿಂದ ಹುಡುಕಿದೆವು ಎಂದು ತಾಯಿ ಹೇಳಿಕೊಂಡಾಗ, ಆ ಮಗನಿಗೆ ಒಂದು ಸಂಗತಿಯಂತೂ ತಿಳಿದಿರಬೇಕು: ನಾನು ಕಾಣದಿದ್ದರೆ ಹುಡುಕಿಕೊಂಡು ಬರುವವರು ಇದ್ದಾರೆ.

ಹುಡುಕಿಕೊಂಡು ಬರುವವರಿಲ್ಲದ ಮಕ್ಕಳ ಬಗ್ಗೆ ಇಂದು ಮಾತನಾಡೋಣ. ಅನಾಥಾಶ್ರಮದ ಮಕ್ಕಳ ಮಾತಲ್ಲ ಇದು. ಒಳ್ಳೆಯ ಮನೆ, ಎರಡು ಕಾರು, ದೊಡ್ಡ ಶಾಲೆ, ಬೇಕೆಂದದ್ದೆಲ್ಲ ಇರುವ ಮಕ್ಕಳ ಮಾತು. ಅವರ ಬಗ್ಗೆ ನಾವು ಪ್ರಬೋಧನೆಯಲ್ಲಿ ಹೆಚ್ಚು ಮಾತನಾಡುವುದಿಲ್ಲ. ಯಾಕೆಂದರೆ ಅವರ ತಂದೆತಾಯಂದಿರು ಸಾಮಾನ್ಯವಾಗಿ ಮುಂದಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ.

ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ನಾವು ಕೆಲವು ವರ್ಷ ಸೇವೆ ಮಾಡಿದೆವು. ಕಾಫಿ ತೋಟಗಳ ಊರು. ಅಲ್ಲಿಯ ಒಂದು ಕುಟುಂಬದ ವಿಷಯವನ್ನು ಊರು, ಹೆಸರು ಬಿಟ್ಟು ಹೇಳುತ್ತೇವೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ತಂದೆಯನ್ನೂ ಮಗನನ್ನೂ ಕೇಳಿ, ಅವರು ಹೇಳಬಹುದು ಎಂದ ಮೇಲೆಯೇ ಹೇಳುತ್ತಿದ್ದೇವೆ. ತಂದೆಗೆ ತೋಟವಿತ್ತು, ಜೊತೆಗೆ ಬೆಂಗಳೂರಿನಲ್ಲಿ ವ್ಯಾಪಾರವಿತ್ತು. ತಾಯಿ ಬೆಂಗಳೂರಿನ ಮನೆಯಲ್ಲಿದ್ದು ಆ ವ್ಯಾಪಾರದ ಒಂದು ಪಾಲನ್ನು ತಾವೇ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗ ನಾಲ್ಕನೇ ತರಗತಿಯಿಂದ ಬೋರ್ಡಿಂಗ್‌ನಲ್ಲಿದ್ದ. ರಜೆ ಬಂದರೆ ತೋಟದ ಮನೆಗೆ ಬರುತ್ತಿದ್ದ. ಅಲ್ಲಿ ಅಡುಗೆಯಮ್ಮ, ಡ್ರೈವರ್, ಎರಡು ನಾಯಿ.

2018ರ ಕ್ರಿಸ್ಮಸ್ ರಾತ್ರಿ ಆ ಹುಡುಗ ಪೀಠ ಸೇವಕನಾಗಿ ನಿಂತಿದ್ದ. ಏಳನೇ ತರಗತಿ, ಹನ್ನೆರಡು ವರ್ಷ. ಬಲಿಪೂಜೆ ಮುಗಿಯಿತು, ಜನ ಒಬ್ಬರಿಗೊಬ್ಬರು ಶುಭಾಶಯ ಹೇಳಿ, ಕೇಕು ತಿಂದು, ಮನೆಮನೆಯವರು ಗುಂಪುಗುಂಪಾಗಿ ಹೊರಟರು. ನಾವು ಸಕ್ರಿಸ್ತಿಗೆ ಬಂದು ನೋಡಿದರೆ ಹುಡುಗ ಇನ್ನೂ ಅಲ್ಲೇ ಇದ್ದ. ಎಲ್ಲ ಪೀಠ ಸೇವಕರ ಬಿಳಿ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಇಡುತ್ತಿದ್ದ. ಯಾರೂ ಅವನಿಗೆ ಆ ಕೆಲಸ ಹೇಳಿರಲಿಲ್ಲ.

"ಹೋಗಲ್ವಾ ಮಗಾ? ಮನೇಲಿ ಕಾಯ್ತಾ ಇರ್ತಾರೆ" ಎಂದೆವು.

"ಡ್ರೈವರ್ ಅಣ್ಣ ಊಟ ಮಾಡ್ಕೊಂಡು ಬರ್ತಾರೆ ಫಾದರ್."

"ಮನೇಲಿ ಯಾರ್ಯಾರಿದ್ದಾರೆ?"

ಹುಡುಗ ಸ್ವಲ್ಪ ಯೋಚಿಸಿ ಹೇಳಿದ: "ಎಲ್ಲಾ ಇದೆ ಫಾದರ್."

ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಅವನು ಎಲ್ಲಾ ಇದೆ ಎಂದ. ಆ ಹೊತ್ತಿಗೆ ನಮಗೆ ಅದು ಹೊಳೆಯಲಿಲ್ಲ. ಮೂರು ಪೂಜೆ ಮಾಡಿದ ದಣಿವು, ನಿದ್ದೆ. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಆ ಮಾತು ಕಿವಿಗೆ ಬಿತ್ತು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದೇ ರಾತ್ರಿಯ ಪೂಜೆಯಲ್ಲಿ, ಪರಮಪ್ರಸಾದದ ನಂತರ, ಚರ್ಚಿಗೆ ಹೊಸ ಜನರೇಟರ್ ಕೊಟ್ಟ ದಾನಿಗಳೆಂದು ನಾವು ಆ ಹುಡುಗನ ತಂದೆತಾಯಿಯ ಹೆಸರು ಹೇಳಿ, ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದ್ದೆವು. ತಂದೆ ಆ ದಿನ ದುಬೈಯಲ್ಲಿದ್ದರು, ತಾಯಿ ಬೆಂಗಳೂರಿನಲ್ಲಿದ್ದರು. ಚಪ್ಪಾಳೆ ಕೇಳಿಸಿಕೊಳ್ಳಲು ಆ ಮನೆಯಿಂದ ಇದ್ದವನು ಮೊಂಬತ್ತಿ ಹಿಡಿದು ಪೀಠದ ಪಕ್ಕ ನಿಂತ ಆ ಹುಡುಗ ಒಬ್ಬನೇ. ಬೋರ್ಡಿಂಗ್‌ಗೆ ಸೇರಿಸುವಾಗ ಶಾಲೆಗೆ ಶಿಫಾರಸು ಪತ್ರ ಬೇಕಿತ್ತು. ಅದನ್ನು ಬರೆದುಕೊಟ್ಟವರೂ ನಾವೇ. ಧರ್ಮಗುರುಗಳು ಇಂಥ ಪತ್ರಗಳನ್ನು ವರ್ಷಕ್ಕೆ ಹತ್ತಾರು ಬರೆಯುತ್ತೇವೆ. ಆ ಮಗುವಿಗೆ ಹೋಗಲು ಮನಸ್ಸಿದೆಯೇ ಎಂದು ನಾವು ಕೇಳಿರಲಿಲ್ಲ. ಆದ್ದರಿಂದ ಇಂದಿನ ಮಾತುಗಳನ್ನು ನಿಮಗೆ ಮಾತ್ರ ಹೇಳುತ್ತಿದ್ದೇವೆ ಎಂದು ಭಾವಿಸಬೇಡಿರಿ.

ಆ ರಜೆಯಲ್ಲಿ ಹುಡುಗ ದಿನಾ ಚರ್ಚಿನ ಕಡೆ ಬರುತ್ತಿದ್ದ. ಒಂದು ದಿನ ನಗುತ್ತಾ ಒಂದು ಕಥೆ ಹೇಳಿದ. ದೀಪಾವಳಿಗೆ ಮುಂಚೆ ಹಾಸ್ಟೆಲಿನ ಸ್ನಾನದ ಮನೆಯಲ್ಲಿ ಪಟಾಕಿ ಹಚ್ಚಿ ಪೈಪು ಒಡೆದುಹಾಕಿದ್ದನಂತೆ. ಶಾಲೆಯವರು ತಂದೆತಾಯಿ ಇಬ್ಬರೂ ಬಂದು ಸಹಿ ಹಾಕದಿದ್ದರೆ ಹೊರಗೆ ಕಳಿಸುತ್ತೇವೆ ಎಂದರಂತೆ. ನಾವು ಸ್ವಲ್ಪ ಗದರಿಸುವ ದನಿಯಲ್ಲೇ, "ಆಮೇಲೆ?" ಎಂದೆವು. "ಇಬ್ರೂ ಬಂದ್ರು ಫಾದರ್. ಒಂದೇ ಕಾರಲ್ಲಿ ಬಂದ್ರು" ಎಂದ. ಅವನಿಗೆ ಸಿಕ್ಕ ಶಿಕ್ಷೆ ಏನೆಂದು ಅವನು ಹೇಳಲೇ ಇಲ್ಲ.

ಪ್ರಿಯರೇ, ಪವಿತ್ರ ಗ್ರಂಥದಲ್ಲಿ ಇಂಥದೇ ಒಂದು ಬೆಂಕಿಯ ಕಥೆಯಿದೆ. ಭಾನುವಾರದ ವಾಚನಗಳಲ್ಲಿ ಅದು ಬರುವುದಿಲ್ಲ, ಆದ್ದರಿಂದ ಬಹಳ ಜನ ಕೇಳಿರಲಾರಿರಿ. ಸಮುವೇಲನ ಎರಡನೆಯ ಗ್ರಂಥ, ಹದಿನಾಲ್ಕನೆಯ ಅಧ್ಯಾಯ. ದಾವೀದ ಅರಸನ ಮಗ ಅಬ್ಷಾಲೋಮ. ಅರಮನೆಯಲ್ಲಿ ಹುಟ್ಟಿದವನು, ತಾಯಿಯೂ ಗೆಷೂರಿನ ಅರಸನ ಮಗಳು, ಇಡೀ ಇಸ್ರಯೇಲಿನಲ್ಲಿ ಅವನಷ್ಟು ಸುಂದರ ಯಾರೂ ಇರಲಿಲ್ಲವಂತೆ. ಅವನ ತಂಗಿಗೆ ಅದೇ ಮನೆಯಲ್ಲಿ ಘೋರ ಅನ್ಯಾಯವಾಯಿತು. ಮಕ್ಕಳು ಕುಳಿತಿದ್ದಾರೆ, ವಿವರ ಬೇಡ. ತಂದೆ ದಾವೀದ ಕೇಳಿ ಬಹಳ ಸಿಟ್ಟಾದ. ಆದರೆ ಏನೂ ಮಾಡಲಿಲ್ಲ. ಮಗಳನ್ನು ಕರೆದು ಮಾತನಾಡಿಸಿದನೆಂದೂ ಬರೆದಿಲ್ಲ. ಎರಡು ವರ್ಷ ಕಾದ ಅಬ್ಷಾಲೋಮ ತಪ್ಪು ಮಾಡಿದ ಅಣ್ಣನನ್ನು ಕೊಲ್ಲಿಸಿ, ತಾಯಿಯ ತವರಿಗೆ ಓಡಿಹೋದ. ಮೂರು ವರ್ಷ ಅಲ್ಲಿದ್ದ. ಸೇನಾಪತಿ ಯೋವಾಬನು ಉಪಾಯದಿಂದ ಅರಸನನ್ನು ಒಪ್ಪಿಸಿ ಕರೆತಂದಾಗ ದಾವೀದ ಹಾಕಿದ ಷರತ್ತು ಏನು ಗೊತ್ತೇ? ಅವನು ತನ್ನ ಮನೆಯಲ್ಲಿರಲಿ, ನನ್ನ ಮುಖ ನೋಡಕೂಡದು.

ಎರಡು ವರ್ಷ ಹೀಗೇ ಕಳೆಯಿತು. ಒಂದೇ ಊರು, ಜೆರುಸಲೇಮ್. ಮಗನಿಗೆ ಮನೆಯಿದೆ, ಆಳುಗಳಿದ್ದಾರೆ, ಹೊಲವಿದೆ. ಅಪ್ಪನ ಮುಖ ಮಾತ್ರ ಇಲ್ಲ. ಯೋವಾಬನಿಗೆ ಎರಡು ಬಾರಿ ಹೇಳಿ ಕಳಿಸಿದ, ಅವನು ಬರಲಿಲ್ಲ. ಆಗ ಅಬ್ಷಾಲೋಮ ತನ್ನ ಆಳುಗಳನ್ನು ಕಳಿಸಿ, ಪಕ್ಕದಲ್ಲೇ ಇದ್ದ ಯೋವಾಬನ ಜವೆಗೋಧಿಯ ಹೊಲಕ್ಕೆ ಬೆಂಕಿ ಹಚ್ಚಿಸಿದ. ಹೊಲ ಹೊತ್ತಿ ಉರಿದ ಕೂಡಲೇ ಯೋವಾಬ ಓಡಿಬಂದ! ಮಾತು ಅರಸನವರೆಗೆ ಹೋಯಿತು, ದಾವೀದ ಮಗನನ್ನು ಕರೆಸಿ ಮುತ್ತಿಟ್ಟ. ಒಂದು ಮುತ್ತು, ಅಷ್ಟೇ. ತಂದೆ ಮಗ ಕುಳಿತು ಮಾತನಾಡಿದ್ದು ಒಂದು ಸಾಲೂ ಇಲ್ಲ.

ಮುಂದಿನ ಅಧ್ಯಾಯದಲ್ಲಿ ಆ ಮಗ ಏನು ಮಾಡುತ್ತಾನೆ ನೋಡಿ. ಊರ ಬಾಗಿಲಲ್ಲಿ ನಿಂತು, ದೂರು ಹೊತ್ತು ಬಂದ ಜನರಿಗೆ, ನಿಮ್ಮ ನ್ಯಾಯ ಸರಿಯಾಗಿದೆ, ಆದರೆ ಕೇಳಿಸಿಕೊಳ್ಳಲು ಅರಸನ ಕಡೆಯಿಂದ ಯಾರೂ ಇಲ್ಲ ಎನ್ನುತ್ತಾನೆ. ಅದು ರಾಜಕೀಯದ ಮಾತು, ನಿಜ. ದಂಗೆಗೆ ಜನರನ್ನು ಸೆಳೆಯುವ ಮಾತು. ಆದರೆ ಆ ಮಾತನ್ನು ಅವನು ಎಲ್ಲಿಂದ ಕಲಿತ ಎಂದು ನಮಗೆ ಅನಿಸದೆ ಇರುವುದಿಲ್ಲ. ದಂಗೆ ಎದ್ದಿತು, ಕಾಡಿನಲ್ಲಿ ಯುದ್ಧವಾಯಿತು, ಅದೇ ಯೋವಾಬನ ಕೈಯಿಂದ ಅಬ್ಷಾಲೋಮ ಸತ್ತ. ಸುದ್ದಿ ಬಂದಾಗ ದಾವೀದ ಮೇಲಿನ ಕೋಣೆಗೆ ಹತ್ತುತ್ತಾ, ಮಗನೇ ಮಗನೇ ಎಂದು, ನಿನ್ನ ಬದಲು ನಾನೇ ಸಾಯಬಾರದಿತ್ತೇ ಎಂದು ಗೋಳಾಡಿದ. ದಾವೀದನಿಗೆ ಪ್ರೀತಿ ಇರಲಿಲ್ಲ ಎಂದು ಹೇಳುವವರು ಯಾರು? ಪ್ರೀತಿ ಬೆಟ್ಟದಷ್ಟಿತ್ತು. ಅದನ್ನು ಕೇಳಬೇಕಾದ ಕಿವಿ ಮಣ್ಣಿನಲ್ಲಿತ್ತು.

ದಾವೀದ ದೇವರ ಮನಸ್ಸಿಗೆ ಒಪ್ಪಿದವನು, ದೊಡ್ಡ ಭಕ್ತ, ದೊಡ್ಡ ಅರಸ. ಆದರೂ ಅರಸುಗಳ ಮೊದಲನೆಯ ಗ್ರಂಥ ಅವನ ಇನ್ನೊಬ್ಬ ಮಗ ಅದೋನೀಯನ ಬಗ್ಗೆ ಒಂದು ಮಾತು ಸೇರಿಸುತ್ತದೆ: ನೀನು ಹೀಗೇಕೆ ಮಾಡಿದೆ ಎಂದು ತಂದೆ ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಬಯ್ಯಲೂ ಹತ್ತಿರ ಇರಬೇಕಲ್ಲವೇ? ದೇವಾಲಯದಲ್ಲಿ ಮರಿಯಮ್ಮನವರು ಮಗನಿಗೆ ಕೇಳಿದ ಮೊದಲ ಪ್ರಶ್ನೆಯೇ ಅದು, ಯಾಕಪ್ಪ ಹೀಗೆ ಮಾಡಿದೆ ಎಂದು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದೂ ಸಂತ ಲೂಕರು ಬರೆಯುತ್ತಾರೆ. ಅರ್ಥವಾಗದಿದ್ದರೂ ಆ ತಾಯಿ ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡರು.

ಈಗ ನಿಮ್ಮಲ್ಲಿ ಕೆಲವರ ಮುಖ ಬಾಡುತ್ತಿದೆ, ನಮಗೆ ಕಾಣುತ್ತಿದೆ. ಗಂಡ ಕುವೈತಿನಲ್ಲಿ, ಕತಾರಿನಲ್ಲಿ ಇರುವವರು ಇದ್ದೀರಿ. ಇಸ್ರೇಲಿನಲ್ಲಿ ವಯಸ್ಸಾದವರ ಸೇವೆಗೆ ಹೋದ ತಾಯಂದಿರ ಮಕ್ಕಳು ಈ ಬೆಂಚುಗಳಲ್ಲೇ ಕುಳಿತಿದ್ದಾರೆ. ನೀವು ಖುಷಿಗೆ ಹೋದವರಲ್ಲ. ಸಾಲ ತೀರಿಸಲು, ಮನೆ ಕಟ್ಟಲು, ತಂಗಿಯ ಮದುವೆಗೆ ಹೋದವರು. ಸಂತ ಜೋಸೆಫರೂ ಹೆಂಡತಿ ಮಗುವನ್ನು ಕಟ್ಟಿಕೊಂಡು ಪರದೇಶಕ್ಕೆ ಹೋಗಿ ಬಾಳಿದವರೇ. ದೂರ ಇರುವುದು ಬೇರೆ, ಇಲ್ಲದಿರುವುದು ಬೇರೆ. ಬೋರ್ಡಿಂಗ್ ಕೂಡ ಅಷ್ಟೇ. ನಾವು ಹದಿನೈದನೆಯ ವಯಸ್ಸಿಗೆ ಕಿರಿಯ ಸೆಮಿನರಿ ಸೇರಿದವರು. ತಿಂಗಳಿಗೊಮ್ಮೆ ಮನೆಯವರು ಬರಬಹುದಾದ ಭಾನುವಾರ ನಮ್ಮ ಅಪ್ಪ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಕೈಯಲ್ಲಿ ಒಂದು ಚಕ್ಕುಲಿ ಪೊಟ್ಟಣ. ಹಲಸಿನ ಮರದ ಕೆಳಗೆ ಕುಳಿತು, ಏನು ಮಾತನಾಡಬೇಕೆಂದು ತಿಳಿಯದೆ, "ಊಟ ಸರಿ ಹೋಗ್ತದಾ?" ಎಂದು ನಾಲ್ಕು ಸಲ ಕೇಳಿ ಎದ್ದು ಹೋಗುತ್ತಿದ್ದರು. ನಮಗೆ ಅಷ್ಟು ಸಾಕಾಗುತ್ತಿತ್ತು.

ಹಾಗೆಯೇ ಬಡತನವೇ ಒಳ್ಳೆಯದೆಂದೂ ನಾವು ಹೇಳುತ್ತಿಲ್ಲ. ಕುಡಿದು ಬಂದು ಹೊಡೆಯುವ ಅಪ್ಪನಿರುವ ಗುಡಿಸಲಿನಲ್ಲಿ ಯಾವ ನಜರೇತೂ ಇಲ್ಲ. ಆದರೆ ಬಡ ಮನೆಯ ಮಗುವಿನ ಹಸಿವು ಊರಿಗೆ ಕಾಣುತ್ತದೆ. ಯಾರಾದರೂ ಒಂದು ಹಿಡಿ ಅಕ್ಕಿ ಕೊಡುತ್ತಾರೆ. ಶ್ರೀಮಂತ ಮನೆಯ ಮಗುವಿನ ಹಸಿವು ಯಾರಿಗೂ ಕಾಣುವುದಿಲ್ಲ, ಹೇಳಿಕೊಂಡರೆ ಜನ ನಗುತ್ತಾರೆ. ನಿನಗೇನಪ್ಪಾ ಕಡಿಮೆ ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ.

ಮದರ್ ತೆರೇಸಾರವರು 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ಓಸ್ಲೋದಲ್ಲಿ ಮಾಡಿದ ಭಾಷಣದಲ್ಲಿ ಒಂದು ವೃದ್ಧಾಶ್ರಮದ ವಿಷಯ ಹೇಳಿದರು. ಅಲ್ಲಿ ಎಲ್ಲ ಸೌಕರ್ಯಗಳೂ ಇದ್ದವು, ಆದರೆ ಎಲ್ಲರ ಕಣ್ಣೂ ಬಾಗಿಲ ಕಡೆಗೇ ಇತ್ತು, ಯಾರ ಮುಖದಲ್ಲೂ ನಗುವಿರಲಿಲ್ಲ. ಮಕ್ಕಳು ಬರಬಹುದೆಂದು ಕಾಯುತ್ತಿದ್ದಾರೆ ಎಂದು ಅಲ್ಲಿಯ ಸಿಸ್ಟರ್ ವಿವರಿಸಿದರಂತೆ. ಅದೇ ಭಾಷಣದಲ್ಲಿ ಅವರು ಮಾದಕ ವಸ್ತುಗಳ ಹಿಂದೆ ಹೋಗುವ ಯುವಕರ ಮಾತನ್ನೂ ಎತ್ತಿದರು. ಮನೆಯಲ್ಲಿ ಬರಮಾಡಿಕೊಳ್ಳುವವರಿಲ್ಲ, ತಂದೆತಾಯಿಗೆ ಪುರುಸೊತ್ತಿಲ್ಲ ಎಂದರು. ಕೊಲ್ಕತ್ತದ ಬೀದಿಯ ಹಸಿವನ್ನು ಕಂಡ ತಾಯಿ, ತುಂಬಿದ ಮನೆಯ ಹಸಿವನ್ನೂ ಕಂಡರು. ಇಂದು ಬಾಗಿಲು ನೋಡುತ್ತಾ ಕುಳಿತ ಮಗುವೇ ನಾಳೆ ನಮ್ಮನ್ನು ಬಾಗಿಲು ನೋಡುವಂತೆ ಮಾಡಿದರೆ ಯಾರನ್ನು ದೂರೋಣ?

2022ರ ಮೇ 15ರಂದು ಪೋಪ್ ಫ್ರಾನ್ಸಿಸರು ನಮ್ಮ ದೇವಸಹಾಯಂ ಅವರಿಗೆ ಸಂತ ಪದವಿ ಕೊಟ್ಟದ್ದು ನಿಮಗೆಲ್ಲ ನೆನಪಿದೆ. ಅದೇ ದಿನ, ಅದೇ ಪೂಜೆಯಲ್ಲಿ ಸಂತರಾದ ಇನ್ನೊಬ್ಬರು ಫ್ರಾನ್ಸ್ ದೇಶದ ಶಾರ್ಲ್ ದ ಫುಕೋ. 1858ರಲ್ಲಿ ಸಿರಿವಂತ ಮನೆತನದಲ್ಲಿ ಹುಟ್ಟಿದವರು. ಐದು ವರ್ಷ ತುಂಬಿದ್ದಾಗ, ಒಂದೇ ವರ್ಷದಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ಸಾಕಿದ ಅಜ್ಜ ಬಹಳ ಮುದ್ದು ಮಾಡಿದರು. ಹುಡುಗ ಹದಿಹರೆಯದಲ್ಲಿ ವಿಶ್ವಾಸ ಕಳೆದುಕೊಂಡ, ಶಾಲೆಯಿಂದ ಹೊರಹಾಕಿಸಿಕೊಂಡ. ಅಜ್ಜನೂ 1878ರಲ್ಲಿ ಹೋದ ಮೇಲೆ ದೊಡ್ಡ ಆಸ್ತಿ ಕೈಗೆ ಬಂತು. ಊಟ, ಕುಡಿತ, ಔತಣಗಳಿಗೆ ಅದನ್ನು ಎಷ್ಟು ಸುರಿದರೆಂದರೆ ಮನೆಯವರು ನ್ಯಾಯಾಲಯಕ್ಕೆ ಹೋಗಿ ಅವರ ಹಣದ ಮೇಲೆ ಮೇಲ್ವಿಚಾರಕರನ್ನು ಹಾಕಿಸಬೇಕಾಯಿತು. ಅವರನ್ನು ದೇವರ ಕಡೆಗೆ ತಿರುಗಿಸಿದವರಲ್ಲಿ ಒಬ್ಬರು ಸೋದರ ಸಂಬಂಧಿ ಮರೀ ಎಂಬ ಹೆಣ್ಣುಮಗಳು. ಬುದ್ಧಿ ಹೇಳದೆ, ಬಾಗಿಲು ಮುಚ್ಚದೆ, ಪ್ರೀತಿಯಿಂದ ಕಂಡವರು. 1886ರ ಅಕ್ಟೋಬರ್‌ನಲ್ಲಿ ಪ್ಯಾರಿಸಿನ ಒಂದು ಚರ್ಚಿನಲ್ಲಿ ಅವರು ಪಾಪನಿವೇದನೆ ಮಾಡಿದರು. ಮುಂದೆ ಸಹಾರದ ಮರುಭೂಮಿಯಲ್ಲಿ ಬಡವರ ನಡುವೆ ಬಾಳಿ, 1916ರ ಡಿಸೆಂಬರ್ 1ರಂದು ಗುಂಡಿಗೆ ಬಲಿಯಾದರು.

ಆದರೆ ಇಂದಿನ ಹಬ್ಬಕ್ಕೆ ಸಂಬಂಧಪಟ್ಟದ್ದು ನಡುವಿನ ಒಂದು ಸಂಗತಿ. 1897ರಲ್ಲಿ ಆ ಮನುಷ್ಯ ಬೇರೆಲ್ಲ ಬಿಟ್ಟು ನಜರೇತ್ ಊರಿಗೆ ಹೋದರು. ಅಲ್ಲಿಯ ಕ್ಲಾರಾ ಸನ್ಯಾಸಿನಿಯರ ಮಠದಲ್ಲಿ ಕೆಲಸದಾಳಾಗಿ ಸೇರಿ, ತೋಟದ ಸಾಮಾನು ಇಡುವ ಗುಡಿಸಲಿನಲ್ಲಿ ಸುಮಾರು ಮೂರು ವರ್ಷ ಬದುಕಿದರು. ಯೇಸುಸ್ವಾಮಿ ಬೆಳೆದ ಮನೆಯಂತೆ ಮರೆಯಾಗಿ ಬಾಳಬೇಕೆಂಬ ಹಂಬಲ ಅವರದು. ಅರಮನೆಯಂಥ ಮನೆಗಳನ್ನು ಕಂಡವರು, ತಂದೆತಾಯಿಯಿಲ್ಲದೆ ಬೆಳೆದವರು, ಮೂವತ್ತೆಂಟು ವಯಸ್ಸಿಗೆ ಆ ಬಡಗಿಯ ಮನೆಯ ಊರು ಹುಡುಕಿಕೊಂಡು ಹೋದರು ಎಂಬುದನ್ನು ನಾವು ಓದಿದಾಗ ನಮಗೆ ಆ ಸಕ್ರಿಸ್ತಿಯ ಹುಡುಗ ನೆನಪಾದ. ಆ ಬಡಗಿಯ ಮನೆಯವರು ಮಗುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಿದಾಗ ಕೊಟ್ಟದ್ದು ಕುರಿಮರಿಯಲ್ಲ, ಕುರಿಮರಿ ಕೊಳ್ಳಲಾರದವರು ಕೊಡುವ ಜೋಡಿ ಹಕ್ಕಿ.

ಹುಡುಗನ ತಂದೆಯ ವಿಷಯಕ್ಕೆ ಬರೋಣ. ಅವರನ್ನು ಕೆಟ್ಟವರೆಂದು ತಿಳಿಯಬೇಡಿರಿ. ಅವರ ತಂದೆ ಬೇರೆಯವರ ತೋಟದಲ್ಲಿ ರೈಟರ್ ಆಗಿದ್ದವರು. ಬರಿಗಾಲಲ್ಲಿ ಶಾಲೆಗೆ ನಡೆದದ್ದು, ಹಬ್ಬಕ್ಕೆ ಒಂದೇ ಅಂಗಿ ಇದ್ದದ್ದು, ಫೀಸು ಕಟ್ಟದೆ ತರಗತಿಯ ಹೊರಗೆ ನಿಂತದ್ದು ಎಲ್ಲವನ್ನೂ ನಮಗೆ ಹೇಳಿದ್ದರು. "ನನಗೆ ಸಿಗದೇ ಇದ್ದದ್ದು ಒಂದೂ ನನ್ನ ಮಗನಿಗೆ ತಪ್ಪಬಾರದು ಫಾದರ್" ಎನ್ನುತ್ತಿದ್ದರು. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಹೇಳುವುದನ್ನು ಕೇಳಿದ್ದೇವೆ, ಅದು ಒಳ್ಳೆಯ ಮನಸ್ಸಿನ ಮಾತೇ. ಆದರೆ ಅದೇ ಮನುಷ್ಯ ಇನ್ನೊಂದು ದಿನ ತಮ್ಮ ಅಪ್ಪನ ನೆನಪು ಹೇಳಿದರು. ಸಂಜೆ ಕೆಲಸ ಮುಗಿಸಿ ಬಂದ ಅಪ್ಪ ಇವರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಕರೆದೊಯ್ಯುತ್ತಿದ್ದರಂತೆ. ರಾತ್ರಿ ಜಪಸರದ ಹೊತ್ತಿಗೆ ತೂಕಡಿಸಿದರೆ ಅಪ್ಪನ ತೊಡೆಯ ಮೇಲೇ ನಿದ್ದೆಯಂತೆ. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ತನಗೆ ಸಿಗದಿದ್ದದ್ದನ್ನೆಲ್ಲ ಮಗನಿಗೆ ಕೊಟ್ಟರು ಅವರು. ತನಗೆ ಸಿಕ್ಕಿದ್ದನ್ನು ಕೊಡಲು ಮರೆತಿದ್ದರು. ನಾವು ಇದನ್ನು ಅವರಿಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಚರ್ಚ್ ಹಾಲಿನ ಛಾವಣಿಯ ಕೆಲಸ ಅರ್ಧಕ್ಕೆ ನಿಂತಿತ್ತು, ಅದನ್ನು ಕೇಳಲು ಅವರ ಮನೆಗೆ ಹೋಗಿದ್ದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಶಾಲೆ ಮುಚ್ಚಿತು, ವಿಮಾನ ನಿಂತಿತು, ಮೂವರೂ ತೋಟದ ಮನೆಯಲ್ಲಿ ಸಿಕ್ಕಿಹಾಕಿಕೊಂಡರು. ತಂದೆ ದಿನಾ ಫೋನ್ ಮಾಡಿ ವ್ಯಾಪಾರದ ನಷ್ಟ ಹೇಳಿಕೊಳ್ಳುತ್ತಿದ್ದರು. ಜಗತ್ತಿನ ತುಂಬ ಸಾವಿನ ಸುದ್ದಿ, ಚರ್ಚಿಗೆ ಬೀಗ, ನಾವೂ ಒಬ್ಬರೇ ಪೂಜೆ ಮಾಡುತ್ತಿದ್ದ ದಿನಗಳು. ಒಂದು ಸಂಜೆ ಹುಡುಗನ ಫೋನ್ ಬಂತು. "ಫಾದರ್, ಅಪ್ಪ ನಂಗೆ ಮೋಟರ್ ಬಿಚ್ಚೋದು ಹೇಳಿಕೊಟ್ರು. ಅಮ್ಮ ನೀರುದೋಸೆ ಮಾಡಿದ್ರು, ಮೊದಲನೇದು ಹರಿದೇ ಹೋಯ್ತು" ಎಂದು ನಕ್ಕ. ಅಡುಗೆಯಮ್ಮ ಊರಿಗೆ ಹೋಗಿದ್ದರಂತೆ. ಆಮೇಲೆ ದನಿ ತಗ್ಗಿಸಿ ಕೇಳಿದ: "ಇದು ಬೇಗ ಮುಗಿಯತ್ತಾ ಫಾದರ್?" ಇಡೀ ಲೋಕ ಆ ಪ್ರಶ್ನೆಯನ್ನು ಒಂದು ಆಸೆಯಿಂದ ಕೇಳುತ್ತಿತ್ತು. ಅವನು ಕೇಳಿದ್ದು ಬೇರೆ ಆಸೆಯಿಂದ.

ಮುಗಿಯಿತು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ನಮಗೂ ಬೇರೆ ಧರ್ಮಕೇಂದ್ರಕ್ಕೆ ವರ್ಗವಾಯಿತು. ಈಗ ಆ ಹುಡುಗ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾನೆ. ಈ ಆಗಮನ ಕಾಲದ ಆರಂಭದಲ್ಲಿ ತಂದೆಯ ಫೋನ್ ಬಂತು. "ಫಾದರ್, ಈಗ ನಂಗೆ ಟೈಮ್ ಇದೆ. ಅವನಿಗೆ ನನ್ನ ಹತ್ರ ಮಾತೇ ಇಲ್ಲ. ಫೋನ್ ಮಾಡಿದ್ರೆ ಹ್ಞೂಂ, ಸರಿ, ಇಡ್ತೀನಿ, ಮೂರೇ ಮಾತು. ಏನ್ ಮಾಡ್ಲಿ?" ಸೆಮಿನರಿಯಲ್ಲಿ ಓದಿದ ಮನಶ್ಶಾಸ್ತ್ರವೆಲ್ಲ ಆಗ ನಮಗೆ ನೆನಪಿಗೆ ಬರಲಿಲ್ಲ. ನೆನಪಾದದ್ದು ಹಲಸಿನ ಮರ ಮತ್ತು ಚಕ್ಕುಲಿ ಪೊಟ್ಟಣ. "ಮಾತಾಡ್ಬೇಡಿ. ಹೋಗಿ ಜೊತೆಗೆ ಕೂತ್ಕೊಳ್ಳಿ. ಊಟ ಸರಿ ಹೋಗತ್ತಾ ಅಂತ ಕೇಳಿ" ಎಂದೆವು. ಹೋದರು. ಮಗ ಇರುವ ಪಿಜಿಯ ಕೆಳಗಿನ ದರ್ಶಿನಿಯಲ್ಲಿ ಇಬ್ಬರೂ ನಿಂತುಕೊಂಡೇ ಇಡ್ಲಿ ತಿಂದರಂತೆ. ಮಗ ಹೆಚ್ಚೇನೂ ಮಾತನಾಡಲಿಲ್ಲ. ಹೊರಡುವಾಗ, ಇನ್ನೊಮ್ಮೆ ಯಾವಾಗ ಬರ್ತೀರಿ ಎಂದು ಕೇಳಲಿಲ್ಲ. ಆದರೆ ಬಸ್‌ಸ್ಟಾಪಿನವರೆಗೆ ನಡೆದು ಬಂದನಂತೆ. ಕಾರು ಬಿಟ್ಟು ಬಸ್ಸಿನಲ್ಲಿ ಹೋಗಿದ್ದರು ಆ ತಂದೆ, ಯಾಕೆಂದು ನಾವು ಕೇಳಲಿಲ್ಲ. ಈ ಭಾನುವಾರವೂ ಹೋಗಿದ್ದಾರೆ. ನಾವು ಇಲ್ಲಿ ಮಾತನಾಡುತ್ತಿರುವ ಈ ಹೊತ್ತಿಗೆ ಬಸ್ಸಿನಲ್ಲಿ ಇರಬೇಕು.

ಇಲ್ಲಿರುವ ಯುವಕ ಯುವತಿಯರಿಗೆ ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಎಲ್ಲಾ ಇದೆ, ಯಾರೂ ಇಲ್ಲ ಎಂದು ಅನಿಸಿದ್ದರೆ, ಅದು ಕೃತಘ್ನತೆಯಲ್ಲ, ಪಾಪವೂ ಅಲ್ಲ. ಹೊಲಕ್ಕೆ ಬೆಂಕಿ ಹಚ್ಚಬೇಡಿರಿ, ಬಂದು ಹೇಳಿರಿ. ಧರ್ಮಗುರುಗಳ ಮನೆಯ ಬಾಗಿಲು ತೆರೆದಿದೆ. ತಂದೆತಾಯಿಗೆ ನೀವೇ ಬಾಯಿಬಿಟ್ಟು ಹೇಳಲಾರದಿದ್ದರೆ ಜೊತೆಯಲ್ಲಿ ಬರುತ್ತೇವೆ. ಅವರಿಗೂ ಹೇಗೆ ಹತ್ತಿರ ಬರಬೇಕೆಂದು ಗೊತ್ತಿಲ್ಲದೆ ಇರಬಹುದು.

ತಂದೆತಾಯಂದಿರೇ, ಸಂತ ಪೌಲರು ಇಂದಿನ ವಾಚನದಲ್ಲಿ ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿ ಎನ್ನುತ್ತಾರೆ. ಪೋಪ್ ಫ್ರಾನ್ಸಿಸರು ಬದುಕಿದ್ದಾಗ ತಂದೆತಾಯಂದಿರನ್ನು ಕಂಡಲ್ಲೆಲ್ಲ, ಮಕ್ಕಳ ಜೊತೆ ಆಟವಾಡುತ್ತೀರಾ, ಅವರಿಗಾಗಿ ಹೊತ್ತು ಹಾಳು ಮಾಡುತ್ತೀರಾ ಎಂದು ಕೇಳುತ್ತಿದ್ದರು. ಹೊತ್ತು ಹಾಳು ಮಾಡುವುದು ಎಂಬ ಮಾತು ನಮಗೆ ಬಹಳ ಹಿಡಿಸಿತು. ಇಂದು ಮಧ್ಯಾಹ್ನ ಊಟದ ನಂತರ ಫೋನನ್ನು ಗೋದಲಿಯ ಹುಲ್ಲಿನಲ್ಲಿಟ್ಟು, ಒಂದು ಗಂಟೆ ಹಾಳು ಮಾಡಿರಿ.

ಈಗ ಒಂದು ಕೆಲಸ ಮಾಡೋಣ. ವಿಶ್ವಾಸ ಸಂಗ್ರಹಕ್ಕೆ ಏಳುವ ಮೊದಲು, ಪ್ರತಿಯೊಬ್ಬ ತಂದೆ, ತಾಯಿ ತಮ್ಮ ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಹಣೆಗೆ ಶಿಲುಬೆಯ ಗುರುತು ಹಾಕಿರಿ. ದೊಡ್ಡ ಮಕ್ಕಳು ನಾಚಿಕೊಳ್ಳಬೇಡಿರಿ. ಅಪ್ಪ ಪರದೇಶದಲ್ಲಿರುವ ಮಕ್ಕಳ ತಲೆಯ ಮೇಲೆ ಅಜ್ಜ, ಅಜ್ಜಿ, ಮಾವ ಯಾರಿದ್ದೀರೋ ಅವರು ಕೈಯಿಡಿರಿ. ಇಂದು ಯಾರ ಜೊತೆಯೂ ಇಲ್ಲದೆ ಪೂಜೆಗೆ ಬಂದ ಮಕ್ಕಳಿದ್ದರೆ, ಪೀಠ ಸೇವಕರೂ ಸೇರಿ, ಇಲ್ಲಿ ಮುಂದೆ ಬನ್ನಿರಿ. ನಾವು ಇದ್ದೇವೆ.